ಕೈಗೆ ಅಡಿಕೆ, ಕಿವಿಗೆ ಆಂಟೆನಾಪಾಡ್

ಸಾಗರ ತಾಲ್ಲೂಕಿನ ನಮ್ಮೂರಿನಲ್ಲಿ ದೀಪಾವಳಿ ಕಳೆಯಿತು ಅಂದರೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವ ಕೆಲಸ. ಹಗಲು ಕೊಯ್ದು ತಂದ ಅಡಿಕೆ ಸಂಜೆ ಹೊತ್ತಿಗೆ ಅಂಗಳದಲ್ಲಿ ರಾಶಿ ಬಿದ್ದಿರುತ್ತದೆ. ಊಟ ಮುಗಿಸಿ ಮೆಟ್ಟುಗತ್ತಿ ಹಾಕಿಕೊಂಡು ಕೂತರೆ ರಾತ್ರಿ ಹನ್ನೊಂದರ ತನಕ ಏಳುವ ಮಾತಿಲ್ಲ. ಕಾಯಿಯನ್ನು ಕತ್ತಿಗೆ ಒತ್ತು, ಸಿಪ್ಪೆ ಸೀಳು, ತಿರುಗಿಸು, ಅಡಿಕೆ ಬುಟ್ಟಿಗೆ, ಸಿಪ್ಪೆ ಹಿಂದಕ್ಕೆ. ನಾಲ್ಕು ದಿನ ಕೂತರೆ ಕಣ್ಣು ಮುಚ್ಚಿಯೂ ಮಾಡಬಹುದು. ಕಿವಿಗೆ ಮಾತ್ರ ಕೆಲಸ ಇಲ್ಲ.

ಮೊದಲೆಲ್ಲ ಹಾಗಿರಲಿಲ್ಲ. ಹತ್ತು ಹನ್ನೆರಡು ಜನ ಮುಯ್ಯಾಳಾಗಿ (ಇವತ್ತು ನಮ್ಮನೆ ಕೆಲಸಕ್ಕೆ ಅವರು, ನಾಳೆ ಅವರ ಮನೆಗೆ ನಾವು) ಬಂದು ಕೂರುತ್ತಿದ್ದರು. ಯಾರ ಮನೆ ಮದುವೆ ಮುರಿಯಿತು, ಯಾರ ತೋಟಕ್ಕೆ ಕೊಳೆ ರೋಗ ಬಂತು, ಎಲ್ಲ ಅಲ್ಲೇ ಗೊತ್ತಾಗುತ್ತಿತ್ತು. ಮಾತು ಮುಗಿದರೆ ಭದ್ರಾವತಿ ಆಕಾಶವಾಣಿ. ಈಗ ಹೆಚ್ಚಿನವರಿಗೆ ಸುಲಿಯುವ ಯಂತ್ರ ಬಂದಿದೆ. ನಮ್ಮದು ಎರಡು ಎಕರೆ. ಯಂತ್ರದವರು ಅವರಿಗೆ ಪುರುಸೊತ್ತಾದಾಗ ಬರುತ್ತಾರೆ. ಹಾಗಾಗಿ ಅರ್ಧ ಬೆಳೆ ಇನ್ನೂ ಕೈಯಲ್ಲೇ. ಕೂರುವವರು ನಾನು, ಅತ್ತೆ, ಮನಸ್ಸಾದರೆ ನಮ್ಮನೆಯವರು.

ಆ ಮೂರು ಗಂಟೆಗೆ ಕಿವಿಗೆ ಏನು ಕೊಡುವುದು ಅಂತ ಹುಡುಕುತ್ತಾ ಹೋಗಿ ಸಿಕ್ಕಿದ್ದು ಆಂಟೆನಾಪಾಡ್ ಎನ್ನುವ, ಪಾಡ್‌ಕಾಸ್ಟ್ ಕೇಳುವ ಆ್ಯಪ್. ಪಾಡ್‌ಕಾಸ್ಟ್ ಅಂದರೆ ನಮಗೆ ಬೇಕಾದಾಗ ಫೋನಿನಲ್ಲಿ ಕೇಳುವ, ಕಂತು ಕಂತಾಗಿ ಬರುವ ರೇಡಿಯೊ ಥರದ ಕಾರ್ಯಕ್ರಮ. ಎರಡು ಸುಗ್ಗಿ ಬಳಸಿದ ಮೇಲೆ ಬರೆಯುತ್ತಿದ್ದೇನೆ. ಆ್ಯಪ್ ಅಂದರೆ ಬರೀ ಡಬ್ಬ, ಒಳಗೆ ತುಂಬಿದ್ದೇನು ಅನ್ನೋದು ಮುಖ್ಯ. ಹಾಗಾಗಿ ಡಬ್ಬದ ಬಗ್ಗೆ ಸ್ವಲ್ಪ, ತುಂಬಿದ ಪಾಡ್‌ಕಾಸ್ಟ್‌ಗಳ ಬಗ್ಗೆ ಜಾಸ್ತಿ.

ಮೊದಲು ಬೇರೆ ಆ್ಯಪ್ ಇತ್ತು. 2024ರಲ್ಲಿ ಅದು ಮುಚ್ಚಿತು. ಬೆಂಗಳೂರಿನಲ್ಲಿರುವ ಮಗಳು ರಜೆಗೆ ಬಂದಾಗ "ಅಮ್ಮಾ, ಇದನ್ನ ಹಾಕ್ಕೊ, ದುಡ್ಡಿಲ್ಲ, ಜಾಹೀರಾತಿಲ್ಲ, ಯಾರೂ ನಿನ್ನ ನಂಬರ್ ಕೇಳೋದಿಲ್ಲ" ಅಂತ ಹಾಕಿಕೊಟ್ಟಳು. ನಾನು ನಂಬಲಿಲ್ಲ. ಪುಕ್ಕಟೆ ಕೊಡುವವರು ಆಮೇಲೆ ಬಡ್ಡಿ ಸಮೇತ ವಸೂಲಿ ಮಾಡುತ್ತಾರೆ ಅನ್ನೋದು ನಮ್ಮ ಅನುಭವ ತಾನೇ? ಎರಡು ವರ್ಷ ಆಯಿತು, ಇವರು ಇನ್ನೂ ಏನೂ ಕೇಳಿಲ್ಲ. ಬೇರೆ ಬೇರೆ ದೇಶದವರು ತಮ್ಮ ಬಿಡುವಿನಲ್ಲಿ ಸೇರಿ ಮಾಡುತ್ತಿರುವ ಆ್ಯಪ್ ಇದು. ಇದನ್ನು ಮಾಡಿದ ಕೋಡ್ ಕೂಡ ಯಾರು ಬೇಕಾದರೂ ತೆರೆದು ನೋಡಬಹುದಂತೆ. ಒಂಥರಾ ಮುಯ್ಯಾಳೇ.

ನಮ್ಮ ಮನೆಯಲ್ಲಿ ಸಿಗ್ನಲ್ ಸಿಗುವ ಜಾಗ ಒಂದೇ, ಕೊಟ್ಟಿಗೆ ಹಿಂದಿನ ಧರೆ. ಅಲ್ಲಿ ನಿಂತು ಅಡಿಕೆ ಸುಲಿಯಲು ಆಗುವುದಿಲ್ಲ. ಆದ್ದರಿಂದ ನನಗೆ ಬೇಕಾಗಿದ್ದದ್ದು ಮೊದಲೇ ಇಳಿಸಿಕೊಂಡು ಆಮೇಲೆ ಕೇಳುವ ವ್ಯವಸ್ಥೆ. ವೈಫೈ ಸಿಕ್ಕಾಗ ಮಾತ್ರ ತಾನಾಗಿ ಇಳಿಸಿಕೋ ಅಂತ ಹೇಳಿಟ್ಟರೆ ಆಯಿತು. ಸಾಗರದ ಪೇಟೆಗೆ ಹೋದ ದಿನ ತಂಗಿ ಮನೆಯಲ್ಲಿ ಕಾಫಿ ಕುಡಿದು ಎರಡು ಮಾತಾಡುವಷ್ಟರಲ್ಲಿ ವಾರಕ್ಕೆ ಸಾಕಾಗುವಷ್ಟು ಕಂತು ಫೋನಿನಲ್ಲಿರುತ್ತದೆ. ಕೇಳಿ ಮುಗಿದದ್ದನ್ನು ತಾನೇ ಅಳಿಸುತ್ತದೆ. ತಂಗಿಗೆ ನಾನು ಅವಳನ್ನು ನೋಡೋಕೆ ಬರುತ್ತೇನೋ ವೈಫೈ ನೋಡೋಕೋ ಅನ್ನುವ ಅನುಮಾನ ಇದೆ.

ಪಾಡ್‌ಕಾಸ್ಟ್ ಹುಡುಕುವುದು ಹೇಗೆ? ನಾನು ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ಆ್ಯಪ್‌ನಲ್ಲಿ ದೇಶದ ಪ್ರಕಾರ ಜನಪ್ರಿಯ ಪಾಡ್‌ಕಾಸ್ಟ್‌ಗಳ ಪಟ್ಟಿ ಒಂದಿದೆ. ಅಲ್ಲಿಂದ ಐದಾರು ಎತ್ತಿಕೊಂಡೆ. ದೊಡ್ಡ ಹೆಸರಿನವರು ದೊಡ್ಡ ಹೆಸರಿನವರನ್ನು ಕರೆದು ಬೆಳಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ ಅಂತ ಕೇಳುತ್ತಾರೆ. ನಾನು ಐದಕ್ಕೆ ಏಳುತ್ತೇನೆ, ನನ್ನನ್ನು ಯಾರೂ ಕರೆದಿಲ್ಲ. ಎರಡೇ ರಾತ್ರಿಗೆ ಸಾಕಾಯಿತು.

ಆಮೇಲೆ ಹೊಳೆದದ್ದು ಡೇರೆ, ಅಂದರೆ ಡೇಲಿಯಾ ಹೂವಿನ ಗೆಡ್ಡೆಯ ದಾರಿ. ಮಲೆನಾಡಿನಲ್ಲಿ ಯಾವ ಹೆಂಗಸೂ ಡೇರೆ ಗಿಡವನ್ನು ಅಂಗಡಿಯಿಂದ ತರುವುದಿಲ್ಲ. ನೆಂಟರ ಮನೆ ಅಂಗಳದಲ್ಲಿ ಹೊಸ ಬಣ್ಣದ್ದು ಕಂಡರೆ "ಒಂದು ಗೆಡ್ಡೆ ಕೊಡೇ" ಅಂತ ಕೇಳಿ ತರುತ್ತೇವೆ. ಅವರು ಇನ್ಯಾರದೋ ಮನೆಯಿಂದ ತಂದಿರುತ್ತಾರೆ. ಪಾಡ್‌ಕಾಸ್ಟ್ ಕೂಡ ಹಾಗೇ. ಒಬ್ಬರು ಮಾತಿನ ನಡುವೆ ಇನ್ನೊಬ್ಬರ ಹೆಸರು ಹೇಳುತ್ತಾರೆ, ನಾನು ಅಡಿಕೆ ಬಿಟ್ಟು ಕ್ಯಾಲೆಂಡರ್ ಹಿಂದೆ ಬರೆದಿಟ್ಟುಕೊಳ್ಳುತ್ತೇನೆ. ಪೇಟೆಗೆ ಹೋದ ದಿನ ಆ ಹೆಸರು ಹಾಕಿ ಹುಡುಕುತ್ತೇನೆ. ಹುಡುಕಿದರೆ ಸಿಗದಿದ್ದರೆ ಅವರ ವೆಬ್‌ಸೈಟ್‌ನಲ್ಲಿ ಆರ್‌ಎಸ್‌ಎಸ್ ವಿಳಾಸ ಅಂತ ಒಂದಿರುತ್ತದೆ (ಸಂಘ ಅಲ್ಲ, ಹೊಸ ಕಂತುಗಳ ಪಟ್ಟಿ ಇರುವ ಇಂಟರ್‌ನೆಟ್ ವಿಳಾಸ), ಅದನ್ನೇ ಆ್ಯಪ್‌ಗೆ ಕೊಟ್ಟರೂ ಆಗುತ್ತದೆ. ಮಾಸಪತ್ರಿಕೆಗೆ ಚಂದಾ ಕಟ್ಟಿದ ಹಾಗೆ ಇದು, ಹೊಸ ಕಂತು ಬಂದ ಕೂಡಲೇ ನಮ್ಮ ಮನೆಗೆ. ನಡುವೆ ಯಾವ ಅಂಗಡಿಯವನ ಅಪ್ಪಣೆಯೂ ಬೇಕಿಲ್ಲ. ಯಾರ ಹಂಗೂ ಇಲ್ಲದೆ ಒಬ್ಬರೇ ಕೂತು ಪಾಡ್‌ಕಾಸ್ಟ್ ಮಾಡುವವರು ಇನ್ನೂ ಉಳಿದಿರುವುದಕ್ಕೆ ಈ ಆರ್‌ಎಸ್‌ಎಸ್ ಒಂದು ದೊಡ್ಡ ಕಾರಣ.

ನನ್ನ ಮೊದಲ ಗೆಡ್ಡೆ 'ತಲೆ-ಹರಟೆ'. 2018ರಲ್ಲಿ ಶುರುವಾದ ಕನ್ನಡ ಪಾಡ್‌ಕಾಸ್ಟ್. ಪವನ್ ಶ್ರೀನಾಥ್, ಗಣೇಶ್ ಚಕ್ರವರ್ತಿ ಮತ್ತು ಗೆಳೆಯರು ಮಾಡುವುದು. ವಿಜ್ಞಾನ, ಇತಿಹಾಸ, ಕಾನೂನು, ಭಾಷೆ, ಏನು ಬೇಕಾದರೂ ಬರುತ್ತದೆ, ವಿಷಯ ಗೊತ್ತಿರುವವರನ್ನೇ ಕರೆಸುತ್ತಾರೆ. ಪಕ್ಕಾ ಬೆಂಗಳೂರು ಕನ್ನಡ, ಇಂಗ್ಲಿಷ್ ಜಾಸ್ತಿ. ಮೊದಲು ಕಿರಿಕಿರಿ ಆಯಿತು. ಆಮೇಲೆ ಅನ್ನಿಸಿತು, ನನ್ನ ಮಗಳೂ ಹೀಗೇ ಮಾತಾಡುತ್ತಾಳೆ, ಅವಳ ಮಾತು ಕೇಳುವುದಿಲ್ಲವಾ? ಗಂಭೀರ ವಿಷಯವನ್ನು ಭಾಷಣದ ದನಿ ಇಲ್ಲದೆ ಕನ್ನಡದಲ್ಲಿ ಹೇಳುವುದು ಸುಲಭ ಅಲ್ಲ. ಇವರಿಗೆ ಅದು ಬರುತ್ತದೆ.

ಇದನ್ನು ಸ್ಪೀಕರ್‌ನಲ್ಲಿ ಹಾಕುತ್ತೇನೆ, ಅತ್ತೆಗೂ ಕೇಳಲಿ ಅಂತ. ಅತ್ತೆಗೆ ಎಪ್ಪತ್ತೆಂಟು. ತಾಳಮದ್ದಲೆ ಕೇಳಿ ಕೇಳಿ ಪಳಗಿದ ಕಿವಿ. ವೇಷ ಇಲ್ಲ, ಕುಣಿತ ಇಲ್ಲ, ಭಾಗವತರ ಪದ, ಮದ್ದಲೆ, ಮತ್ತೆ ಇಡೀ ರಾತ್ರಿ ಅರ್ಥಧಾರಿಗಳ ಮಾತು. ಇಬ್ಬರು ಕೂತು ಗಂಟೆಗಟ್ಟಲೆ ಮಾತಾಡುವುದು ಅವರಿಗೆ ಹೊಸದೇನೂ ಅಲ್ಲ. ಒಂದು ಕಂತು ಪೂರ್ತಿ ಕೇಳಿ ಅವರು ಹೇಳಿದ್ದು ಇಷ್ಟು: "ಮಾತು ಚೊಲೋ ಇದ್ದು. ಆದರೆ ಇಬ್ಬರೂ ಒಂದೇ ಪಕ್ಷದವರು. ಎದುರಿಗೆ ಕೌರವ ಇಲ್ಲದೆ ಕೃಷ್ಣ ಎಷ್ಟು ಹೊತ್ತು ಮಾತಾಡ್ತಾ?"

ಇಷ್ಟು ಚುರುಕಾದ ವಿಮರ್ಶೆಯನ್ನು ನಾನು ಎಲ್ಲೂ ಓದಿಲ್ಲ. ಅಲ್ಲಿಂದ ಮುಂದೆ ಯಾವ ಸಂದರ್ಶನ ಕೇಳಿದರೂ ಕೌರವ ಎಲ್ಲಿ ಅಂತ ಹುಡುಕುತ್ತೇನೆ. ಹೆಚ್ಚಿನ ಪಾಡ್‌ಕಾಸ್ಟ್‌ಗಳಲ್ಲಿ ಇರುವುದಿಲ್ಲ. ಹೌದು ಹೌದು, ನಿಜ ನಿಜ ಅಂತ ಮುಗಿದುಹೋಗುತ್ತದೆ.

'ತಲೆ-ಹರಟೆ'ಯ ಪವನ್ ಅವರ ದನಿ ಬೆಂಗಳೂರಿನ ದೊಮ್ಮಲೂರಿನಲ್ಲಿರುವ ಬೆಂಗಳೂರು ಇಂಟರ್‌ನ್ಯಾಷನಲ್ ಸೆಂಟರ್‌ನ 'ಬಿಐಸಿ ಟಾಕ್ಸ್' ಪಾಡ್‌ಕಾಸ್ಟ್‌ನಲ್ಲೂ ಸಿಕ್ಕಿತು. ಅಲ್ಲಿಂದ ಹೆಸರು ಹಿಡಿದು ಹೋಗಿ 'ದಿ ಸೀನ್ ಆ್ಯಂಡ್ ದಿ ಅನ್‌ಸೀನ್'. ಅಮಿತ್ ವರ್ಮಾ 2017ರಲ್ಲಿ ಶುರು ಮಾಡಿದ್ದು. ಮೊದಮೊದಲ ಕಂತುಗಳು ಇಪ್ಪತ್ತು ನಿಮಿಷದ ಆಸುಪಾಸು. ಆಮೇಲೆ ಬೆಳೆದು ಬೆಳೆದು ಐದಾರು ಗಂಟೆ ಆಗಿವೆ. ಮಗಳಿಗೆ ಹೇಳಿದರೆ "ಅಷ್ಟು ಹೊತ್ತು ಯಾರಮ್ಮ ಕೇಳ್ತಾರೆ" ಅಂದಳು. ಅಡಿಕೆ ಸುಲಿಯುವವರು ಕೇಳುತ್ತಾರೆ. ಎರಡು ರಾತ್ರಿಗೆ ಒಂದು ಕಂತು, ಹೆಚ್ಚುಕಡಿಮೆ ನಾಲ್ಕು ಡಬ್ಬ ಅಡಿಕೆ.

ಅತಿಥಿಯನ್ನು ಕರೆದು ಅವರು ಮೊದಲು ಕೇಳುವುದು ಬಾಲ್ಯದ ಬಗ್ಗೆ, ಓದಿದ ಪುಸ್ತಕದ ಬಗ್ಗೆ. ಅವಸರ ಇಲ್ಲ. ಮೊದಲ ಒಂದು ಗಂಟೆ ನನಗೂ ಎಲ್ಲಿಗೆ ಹೋಗುತ್ತಿದೆ ಅಂತ ಗೊತ್ತಾಗಲ್ಲ. ಆದರೆ ಮೂರನೇ ಗಂಟೆ ಹೊತ್ತಿಗೆ ಅತಿಥಿ ತಾನು ಟಿ.ವಿ.ಯಲ್ಲಿ ಹೇಳುವ ಸಿದ್ಧ ಮಾತೆಲ್ಲ ಖರ್ಚು ಮಾಡಿರುತ್ತಾನೆ. ಆಮೇಲೆ ಬರುವುದೇ ಅಸಲಿ ಮಾತು. ದೂರು ಏನು ಅಂದರೆ, ಕೆಲವು ಮಾತು ಕಂತಿನಿಂದ ಕಂತಿಗೆ ಮರಳಿ ಬರುತ್ತವೆ. ಎಂಟು ಹತ್ತು ಕಂತು ಕೇಳಿದ ಮೇಲೆ ಮುಂದಿನ ಪ್ರಶ್ನೆ ಯಾವುದು ಅಂತ ನಾನೇ ಹೇಳುತ್ತೇನೆ. ಮತ್ತೆ, ಮಾರುಕಟ್ಟೆ ಬಗ್ಗೆ ಅವರಿಗಿರುವಷ್ಟು ನಂಬಿಕೆ ಅಡಿಕೆ ಬೆಳೆಯುವವರಿಗೆ ಇರುವುದು ಕಷ್ಟ.

ನಾನು ಸಾಗರದಲ್ಲಿ ಬಿ.ಎ. ಓದಿದವಳು. ಇಂಗ್ಲಿಷ್ ಓದಿದರೆ ಅರ್ಥ ಆಗುತ್ತದೆ, ಅಮೆರಿಕದವರು ಮಾತಾಡಿದರೆ ಅರ್ಧ. ಇಲ್ಲಿ ಆ್ಯಪ್ ಉಪಕಾರ ಮಾಡಿತು. ಎಲ್ಲರೂ ಒಂದೂವರೆ ಪಟ್ಟು ವೇಗದಲ್ಲಿ ಕೇಳುತ್ತೇವೆ ಅಂತ ಹೆಚ್ಚುಗಾರಿಕೆ ಹೇಳುತ್ತಾರೆ. ನಾನು ನಿಧಾನ ಮಾಡಿಕೊಂಡು ಕೇಳುತ್ತೇನೆ. ಒಂದೊಂದು ಪಾಡ್‌ಕಾಸ್ಟ್‌ಗೂ ಬೇರೆ ಬೇರೆ ವೇಗ ಹೇಳಿಡಬಹುದು, ನೆನಪಿಟ್ಟುಕೊಳ್ಳುತ್ತದೆ.

ಹಾಗೆ ನಿಧಾನ ಮಾಡಿ ಕೇಳಿದ್ದು 'ದಿ ಹಿಸ್ಟರಿ ಆಫ್ ರೋಮ್'. ಮೈಕ್ ಡಂಕನ್ ಎಂಬ ಅಮೆರಿಕದ ಒಬ್ಬ ಮನುಷ್ಯ 2007ರಿಂದ 2012ರ ತನಕ ರೋಮ್ ಕಥೆಯನ್ನು ಹುಟ್ಟಿನಿಂದ ಪತನದವರೆಗೆ ಹೇಳಿದ್ದು. ಕಂತಿನ ಸಂಖ್ಯೆ 179ರ ತನಕ ಹೋಗುತ್ತದೆ. ಶುರುವಿನ ಕಂತುಗಳ ಧ್ವನಿ ಚೆನ್ನಾಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ದನಿಯೂ ಒಂದೇ ಸಮ. ಹತ್ತು ಕಂತು ಸಹಿಸಿಕೊಳ್ಳಿ. ಆಮೇಲೆ ಅವನ ಒಣ ಹಾಸ್ಯ ಹಿಡಿಸುತ್ತದೆ. ಚಕ್ರವರ್ತಿಗಳು ಒಬ್ಬರನ್ನೊಬ್ಬರು ಕೊಲ್ಲುವುದನ್ನು ಪಂಚಾಯ್ತಿ ಸಭೆಯ ವರದಿ ಓದಿದ ಹಾಗೆ ಹೇಳುತ್ತಾನೆ.

ಗಾತ್ ಜನರ ದೊರೆ ಅಲಾರಿಕ್ ರೋಮ್ ನಗರವನ್ನು ಮುತ್ತುವ ಭಾಗ ಕೇಳಿದ ಮೇಲೆ ಅವನ ಬಗ್ಗೆ ಹುಡುಕಿ ಓದಿದೆ. 408ರಲ್ಲಿ ಮುತ್ತಿಗೆ ಬಿಡಲು ಅವನು ಕೇಳಿದ ಕಪ್ಪದಲ್ಲಿ ಚಿನ್ನ, ಬೆಳ್ಳಿ, ರೇಷ್ಮೆ ಜೊತೆಗೆ 3,000 ಪೌಂಡ್ ಮೆಣಸು ಇತ್ತು! ರೋಮನ್ ಪೌಂಡ್ ಲೆಕ್ಕ ಹಾಕಿದರೆ ಹತ್ತು ಕ್ವಿಂಟಲ್‌ಗೆ ಸ್ವಲ್ಪ ಕಡಿಮೆ. ನಮ್ಮ ತೋಟದ ಅಡಿಕೆ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ ನೆನಪಾಯಿತು. ಆ ಮೆಣಸು ಹಡಗು ಹತ್ತಿದ್ದು ಇದೇ ಪಡುವಣ ಕರಾವಳಿಯಿಂದ. ಭಾರತದ ಸಾಮಾನಿಗೆ ವರ್ಷಕ್ಕೆ ಐದು ಕೋಟಿ ನಾಣ್ಯ ಸೋರಿ ಹೋಗುತ್ತಿದೆ ಅಂತ ರೋಮಿನ ಲೇಖಕ ಪ್ಲಿನಿ ಅದಕ್ಕೂ ಮೂರು ಶತಮಾನ ಮೊದಲೇ ಗೊಣಗಿದ್ದ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ. ನಮ್ಮ ಶರಾವತಿ ಕೆಳಗಿನ ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದದ್ದು ಶಾಲೆಯಲ್ಲೇ ಗೊತ್ತಿತ್ತು. ರೋಮ್ ಕೂಡ ಇದೇ ಬಳ್ಳಿಯ ಗಿರಾಕಿ ಅಂತ ತಿಳಿಯೋಕೆ ಅಮೆರಿಕದವನೊಬ್ಬನ ಪಾಡ್‌ಕಾಸ್ಟ್ ಬೇಕಾಯಿತು. ಮಾರನೇ ದಿನ ಮೆಣಸು ಕೊಯ್ಯುವಾಗ ನಮ್ಮನೆಯವರಿಗೆ ಹೇಳಿದೆ. "ಈಗ ಆ ಅಲಾರಿಕ್ ಕೆ.ಜಿ.ಗೆ ಎಷ್ಟು ಕೊಡ್ತಾನಂತೆ?" ಅಂದರು.

ಡಂಕನ್ ನಿಲ್ಲಿಸಿದ್ದು ಪಶ್ಚಿಮ ರೋಮ್ ಬಿದ್ದ 476ರ ಕಥೆಗೆ. ಅವನ ಕೇಳುಗನೇ ಆದ ರಾಬಿನ್ ಪಿಯರ್ಸನ್ ಎಂಬ ಬ್ರಿಟನ್ನಿನವನು, ಇದು ಇಲ್ಲಿಗೆ ಮುಗಿಯಬಾರದು ಅಂತ ಆಮೇಲೂ ಉಳಿದ ಪೂರ್ವ ರೋಮ್‌ನ ಕಥೆ ಹೇಳಲು 2012ರಲ್ಲಿ 'ದಿ ಹಿಸ್ಟರಿ ಆಫ್ ಬೈಜಾಂಟಿಯಂ' ಶುರು ಮಾಡಿದ. ಡೇರೆ ಗೆಡ್ಡೆ ಅಂದೆನಲ್ಲ, ಇದೇ. ನಾನಿನ್ನೂ ಅದರ ಬಾಗಿಲಲ್ಲಿ ಇದ್ದೇನೆ. ಈ ಸುಗ್ಗಿಗೆ ಅದು.

'ಇಯರ್ ಹಸಲ್' ಬಗ್ಗೆ ಹೇಳದೆ ಬಿಡಲು ಆಗುವುದಿಲ್ಲ. ಕ್ಯಾಲಿಫೋರ್ನಿಯಾದ ಸ್ಯಾನ್ ಕ್ವೆಂಟಿನ್ ಜೈಲಿನ ಒಳಗಿಂದ ಬರುವ ಪಾಡ್‌ಕಾಸ್ಟ್. ರೇಡಿಯೊಟೋಪಿಯಾ ಎನ್ನುವ ಸ್ವತಂತ್ರ ಪಾಡ್‌ಕಾಸ್ಟ್‌ಗಳ ಕೂಟ ಒಂದು ಸ್ಪರ್ಧೆ ಇಟ್ಟಿತು, ಸಾವಿರಕ್ಕೂ ಹೆಚ್ಚು ಅರ್ಜಿ ಬಂದವು, ಗೆದ್ದವರು ಇಬ್ಬರು ಕೈದಿಗಳು ಮತ್ತು ಅಲ್ಲಿಗೆ ಸ್ವಯಂಸೇವೆಗೆ ಹೋಗುತ್ತಿದ್ದ ನೈಜೆಲ್ ಪೂರ್ ಎಂಬ ಕಲಾವಿದೆ. ಮೊದಲ ಕಂತು ಬಂದದ್ದು 2017ರಲ್ಲಿ. ಅದು ಒಂದೇ ಕೋಣೆಯಲ್ಲಿ ಇನ್ನೊಬ್ಬರ ಜೊತೆ ಬದುಕುವುದು ಹೇಗೆ ಅನ್ನುವುದರ ಬಗ್ಗೆ. ಕೊಲೆ, ಪೊಲೀಸು, ಬಂದೂಕು ನಿರೀಕ್ಷೆ ಮಾಡಿದ್ದೆ. ಅಲ್ಲಿದ್ದದ್ದು ಮನೆ ಜಗಳ. ಕೂಡು ಕುಟುಂಬಕ್ಕೆ ಮದುವೆಯಾಗಿ ಬಂದವರಿಗೆ ಬೇಗ ಅರ್ಥ ಆಗುತ್ತದೆ. ಪ್ರತಿ ಕಂತಿಗೂ ಜೈಲಿನ ಅಧಿಕಾರಿಯ ಒಪ್ಪಿಗೆ ಬೇಕಿತ್ತು. ಆ ಅಧಿಕಾರಿ ಒಪ್ಪಿದ್ದೇನೆ ಅಂತ ತನ್ನ ದನಿಯಲ್ಲೇ ಹೇಳುವುದು ಕಂತಿನ ಕೊನೆಗೆ ಬರುತ್ತದೆ. ಇಬ್ಬರು ಕೈದಿಗಳಲ್ಲಿ ಒಬ್ಬನಾದ ಅರ್ಲಾನ್ ವುಡ್ಸ್ ಶಿಕ್ಷೆಯನ್ನು 2018ರ ನವೆಂಬರ್‌ನಲ್ಲಿ ಗವರ್ನರ್ ಕಡಿತ ಮಾಡಿದರು. ಅವನು ಹೊರಗೆ ಬಂದು ಈಗಲೂ ಅದೇ ಕೆಲಸ ಮಾಡುತ್ತಾನೆ.

ಇದನ್ನು ಕೇಳುವಾಗಲೇ ಆ್ಯಪ್‌ನ ಒಂದು ಸೌಲಭ್ಯವನ್ನು ಬಂದ್ ಮಾಡಿದ್ದು. ಮಾತಿನ ನಡುವಿನ ಮೌನವನ್ನು ಹಾರಿಸುವ ಗುಂಡಿ ಒಂದಿದೆ. ಸಮಯ ಉಳಿಯುತ್ತದೆ ಅಂತ ಹಾಕಿಟ್ಟಿದ್ದೆ. ಒಬ್ಬ ಮನುಷ್ಯ ತನ್ನ ತಾಯಿಯ ಬಗ್ಗೆ ಹೇಳಲು ಹೊರಟು ನಿಲ್ಲುತ್ತಾನೆ. ಆ ನಿಲುಗಡೆಯನ್ನು ಆ್ಯಪ್ ನುಂಗಿಹಾಕಿತು. ಹಿಂದಕ್ಕೆ ಹೋಗಿ ಗುಂಡಿ ತೆಗೆದು ಮತ್ತೆ ಕೇಳಿದೆ. ಬೇರೆಯದೇ ಮಾತಾಗಿತ್ತು. ಆವತ್ತಿನಿಂದ ಆ ಗುಂಡಿ ಮುಟ್ಟಿಲ್ಲ.

ಮುಟ್ಟುವುದು ಅಂದಾಗ ನೆನಪಾಯಿತು. ಹಸಿ ಅಡಿಕೆ ಸುಲಿದ ಕೈ ಕಪ್ಪು ಕರೆ, ಅಂಟು. ಫೋನಿನ ಪರದೆ ಆ ಬೆರಳನ್ನು ಬೆರಳು ಅಂತಲೇ ಒಪ್ಪುವುದಿಲ್ಲ. ಹೆಡ್‌ಫೋನಿನ ಗುಂಡಿ ಒತ್ತಿದರೆ ಏನಾಗಬೇಕು ಅಂತ ಸೆಟ್ಟಿಂಗ್‌ನಲ್ಲಿ ಹೇಳಬಹುದು. ಮುಂದಿನ ಕಂತಿಗೆ ಹಾರುವ ಬದಲು ಸ್ವಲ್ಪ ಮುಂದೆ ಹೋಗುವ ಹಾಗೆ ಮಾಡಿಕೊಂಡಿದ್ದೇನೆ. ರಾತ್ರಿ ಮಲಗಿ ಕೇಳುವಾಗ ನಿದ್ದೆಯ ಟೈಮರ್ ಇದೆ, ಮುಗಿಯುತ್ತಾ ಬಂದರೆ ಫೋನ್ ಅಲ್ಲಾಡಿಸಿದರೆ ಸಾಕು, ಮತ್ತೆ ಮೊದಲಿನಿಂದ ಎಣಿಸುತ್ತದೆ. ಈ ಎರಡು ಸಣ್ಣ ಸಂಗತಿ ನೋಡಿದರೇ ಗೊತ್ತಾಗುತ್ತದೆ, ಇದನ್ನು ಮಾಡಿದವರು ತಾವೂ ದಿನಾ ಕೇಳುವವರು ಅಂತ.

ಒಂದು ಎಡವಟ್ಟು ನನ್ನದೇ. ಹೋದ ವರ್ಷ ಅಡಿಕೆ ಬೇಯಿಸುವಾಗ ಬಗ್ಗಿ ನೋಡಿದೆ, ಸೊಂಟಕ್ಕೆ ಸಿಕ್ಕಿಸಿದ್ದ ಫೋನ್ ಚೊಗರಿನ (ಅಡಿಕೆಗೆ ಬಣ್ಣ ಕೊಡುವ ಕಷಾಯದ) ಹಂಡೆಗೆ ಬಿತ್ತು. ಅಡಿಕೆಗೆ ಚಂದ ಬಣ್ಣ ಬಂತು, ಫೋನ್ ಹೋಯಿತು. ಪಾಡ್‌ಕಾಸ್ಟ್‌ಗಳ ಪಟ್ಟಿಯನ್ನು ಮಗಳು ಒಪಿಎಂಎಲ್ ಎಂಬ ಫೈಲಿನಲ್ಲಿ ತೆಗೆದಿಟ್ಟಿದ್ದಳು. ಹೊಸ ಫೋನಿಗೆ ಪಟ್ಟಿ ಹಾಗೇ ಬಂತು. ಆದರೆ ಯಾವ ಕಂತು ಎಲ್ಲಿಯವರೆಗೆ ಕೇಳಿದ್ದೆ ಅನ್ನೋದು ಬರಲಿಲ್ಲ. ಅದಕ್ಕೆ ಬೇರೆ ಥರದ ಬ್ಯಾಕಪ್ ಮಾಡಬೇಕಿತ್ತಂತೆ. ನೀವು ಹಾಕಿಕೊಂಡರೆ ಎರಡನ್ನೂ ಮಾಡಿಡಿ. ರೋಮ್‌ನಲ್ಲಿ ಯಾವ ಚಕ್ರವರ್ತಿ ಹತ್ತಿರ ಇದ್ದೆ ಅಂತ ಹುಡುಕೋಕೆ ನನಗೆ ಒಂದು ಸಂಜೆ ಹಿಡಿಯಿತು. ಎಲ್ಲರೂ ಒಂದೇ ಥರ ಸಾಯುತ್ತಾರೆ.

'ಫೀಲ್ಡ್ ರೆಕಾರ್ಡಿಂಗ್ಸ್' ಅಂತ ಒಂದಿದೆ. ಎಲೆನರ್ ಮೆಕ್‌ಡೊವಾಲ್ ನಡೆಸುವುದು. ಧ್ವನಿ ಕೆಲಸದವರು ಯಾವುದೋ ಬಯಲಲ್ಲಿ ಮಾತಾಡದೆ ನಿಂತು ಅಲ್ಲಿಯ ಸದ್ದು ಹಿಡಿದು ಕಳಿಸುತ್ತಾರೆ. ಅಷ್ಟೇ ಪಾಡ್‌ಕಾಸ್ಟ್. ಗಾಳಿ, ನೀರು, ಹಕ್ಕಿ. ನನಗೆ ತುಂಬಾ ಇಷ್ಟವಾಯಿತು. ಸ್ಪೀಕರ್‌ನಲ್ಲಿ ಹಾಕಿದೆ. ಅತ್ತೆ ಸುಲಿಯುವುದನ್ನು ನಿಲ್ಲಿಸಿ ಎರಡು ನಿಮಿಷ ಕೇಳಿ, "ಎಂತದೇ ಅದು, ಹಾಳಾಯ್ದಾ?" ಅಂದರು. ಬೇರೆ ದೇಶದ ಬಯಲು ಅತ್ತೆ ಅಂದೆ. "ನಮ್ಮನೆ ಹಿತ್ತಲಿಗೆ ಎಂತ ಆಯ್ದು?" ಅಂದರು. ಸರಿಯೇ. ಊರು ಬಿಟ್ಟು ಬೆಂಗಳೂರಿನಲ್ಲಿ ಕೂತವರು ಇದನ್ನು ಕೇಳಲಿ.

ಇನ್ನು ಕೊರತೆ. ಕನ್ನಡ ಅಂತ ಕನ್ನಡ ಅಕ್ಷರದಲ್ಲಿ ಹುಡುಕಿದರೆ ಒಂದು ಪಟ್ಟಿ, ಇಂಗ್ಲಿಷ್ ಅಕ್ಷರದಲ್ಲಿ ಹುಡುಕಿದರೆ ಇನ್ನೊಂದು ಪಟ್ಟಿ. ಎರಡೂ ಮಾಡಿ ನೋಡಬೇಕು. ಸಿಕ್ಕಿದ್ದರಲ್ಲಿ ಬಹಳಷ್ಟು ನಾಲ್ಕು ಕಂತಿಗೆ ನಿಂತುಹೋದವು. ಮೊದಲ ಕಂತಿನಲ್ಲಿ ನಮಸ್ಕಾರ, ಎರಡರಲ್ಲಿ ಉತ್ಸಾಹ, ಮೂರರಲ್ಲಿ ತಡವಾಗಿದ್ದಕ್ಕೆ ಕ್ಷಮೆ, ನಾಲ್ಕರ ನಂತರ ಪತ್ತೆ ಇಲ್ಲ. ಬೈಯುವುದಿಲ್ಲ, ಒಬ್ಬರೇ ಮಾಡುವ ಕೆಲಸ ಅಂದರೆ ಹೀಗೇ. ಈಗೀಗ ಕನ್ನಡದಲ್ಲಿ ಪಾಡ್‌ಕಾಸ್ಟ್ ಅಂದರೆ ಯೂಟ್ಯೂಬ್‌ನಲ್ಲಿ ದೊಡ್ಡ ಮೈಕ್ ಇಟ್ಟುಕೊಂಡು ಕೂರುವುದು ಅಂತಾಗಿದೆ. ಅವರು ಧ್ವನಿಯನ್ನು ಬೇರೆಯಾಗಿ ಆರ್‌ಎಸ್‌ಎಸ್‌ನಲ್ಲಿ ಕೊಡದಿದ್ದರೆ ನನ್ನ ಆ್ಯಪ್‌ಗೆ ಬರುವುದಿಲ್ಲ. ದಯವಿಟ್ಟು ಕೊಡಿ. ನಿಮ್ಮ ಮುಖ ಚೆನ್ನಾಗಿದೆ, ಆದರೆ ನನ್ನ ಕಣ್ಣು ಕತ್ತಿ ಮೇಲಿರುತ್ತದೆ. ಮತ್ತೆ, ಆಂಟೆನಾಪಾಡ್ ಆಂಡ್ರಾಯ್ಡ್ ಫೋನಿಗೆ ಮಾತ್ರ. ಐಫೋನ್ ಇರುವ ಮಗಳೇ ನನಗೆ ಹಾಕಿಕೊಟ್ಟಳು, ಅವಳಿಗಿಲ್ಲ.

ಕೊನೆಗೆ ಹೇಳಬೇಕು ಅಂತ ಇಟ್ಟುಕೊಂಡದ್ದು ಒಂದಿದೆ. ಫೋನಿನಲ್ಲೇ ಇರುವ ಧ್ವನಿ ಫೈಲುಗಳ ಫೋಲ್ಡರ್ ಅನ್ನು ಪಾಡ್‌ಕಾಸ್ಟ್ ಥರ ಸೇರಿಸಿಕೊಳ್ಳಲು ಈ ಆ್ಯಪ್‌ನಲ್ಲಿ ದಾರಿ ಇದೆ. ನಮ್ಮ ಮಾವ ಇದ್ದಾಗ ಊರ ದೇವಸ್ಥಾನದ ತಾಳಮದ್ದಲೆಯನ್ನು ಕ್ಯಾಸೆಟ್‌ನಲ್ಲಿ ಹಿಡಿದಿಟ್ಟಿದ್ದರು. ಅಟ್ಟದ ಮೇಲೆ ಒಂದು ಟ್ರಂಕ್ ತುಂಬ ಇತ್ತು. ಬೂಷ್ಟು ಹಿಡಿದು ಹೋದದ್ದು ಹೋಯಿತು, ಉಳಿದ ಹದಿನಾಲ್ಕನ್ನು ಮಗಳು ಬೆಂಗಳೂರಿಗೆ ಒಯ್ದು ಕಂಪ್ಯೂಟರ್‌ಗೆ ಹಾಕಿಸಿ ತಂದಳು. ಆ ಫೋಲ್ಡರ್ ಈಗ ನನ್ನ ಪಟ್ಟಿಯಲ್ಲಿ ಅಮಿತ್ ವರ್ಮಾ ಮತ್ತು ರೋಮ್ ನಡುವೆ ಕೂತಿದೆ. ಕಂತುಗಳ ಹೆಸರು 'ಕ್ಯಾಸೆಟ್ 3 ಬಿ ಸೈಡ್', 'ಕ್ಯಾಸೆಟ್ 7 ಎ ಸೈಡ್' ಅಂತ. ಏಳನೆಯದರಲ್ಲಿ ಮಾವನದೇ ಅರ್ಥ, ಕೌರವ. ಹಿಂದೆ ಯಾರೋ ಕೆಮ್ಮುತ್ತಾರೆ, ಮಗು ಅಳುತ್ತದೆ, ನಡುವೆ ಕ್ಯಾಸೆಟ್ ಮುಗಿದು ಮಾತು ಅರ್ಧಕ್ಕೆ ನಿಲ್ಲುತ್ತದೆ. ಅತ್ತೆ ಅದನ್ನು ಹಾಕು ಅಂತ ಬಾಯಿಬಿಟ್ಟು ಕೇಳುವುದಿಲ್ಲ. "ರೋಮಿನವರು ಇವತ್ತು ಬೇಡ" ಅನ್ನುತ್ತಾರೆ, ನಾನು ಹಾಕುತ್ತೇನೆ.

ಐದಕ್ಕೆ ಎಷ್ಟು ಅಂತ ಕೇಳಿದರೆ ನಾಲ್ಕೂವರೆ. ಆ ಅರ್ಧ ಹೋದದ್ದು ಬ್ಯಾಕಪ್‌ಗೆ.

ಕೃಷಿ, ಅಡುಗೆ, ಕಾಡು, ಹಳೇ ಕೋರ್ಟ್ ಕೇಸು, ಯಾವ ವಿಷಯ ಆದರೂ ಪರವಾಗಿಲ್ಲ, ಕನ್ನಡದಲ್ಲಿ ಒಬ್ಬರೇ ಕೂತು ಮಾಡುತ್ತಿರುವ, ಹತ್ತು ಕಂತು ದಾಟಿದ ಪಾಡ್‌ಕಾಸ್ಟ್ ಗೊತ್ತಿದ್ದರೆ ಹೆಸರು ಕಳಿಸಿ. ಬದಲಿಗೆ ಡೇರೆ ಗೆಡ್ಡೆ ಕೊಡುತ್ತೇನೆ. ಹಳದಿ ಇದೆ, ಬಿಳಿ ಅಂಚಿನ ಕೆಂಪು ಇದೆ. ಮಳೆ ಹಿಡಿಯುವ ಮೊದಲೇ ಹೇಳಬೇಕು.